ನಾನು ಭುಜಂಗನ ಬಾಯಿ

ನಮ್ಮೂರಲ್ಲಿ ಯಾರ ನೋವೂ ಅವರವರ ನಾಲಿಗೆಗೆ ಬರುವುದಿಲ್ಲ. ಹಾಗಾಗಿ ಒಬ್ಬೊಬ್ಬರಿಗೂ ಒಂದೊಂದು ಬಾಯಿ ಇರುತ್ತದೆ, ಅದು ಬೇರೆ ಮನೆಯಲ್ಲಿರುತ್ತದೆ. ಹೊಟ್ಟೆನೋವು ಬಂದವನು ಡಾಕ್ಟರ ಹತ್ತಿರ ಹೋಗುವಾಗ ತನ್ನ ಬಾಯಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಬಾಯಿ ಸ್ಟೂಲಿನ ಮೇಲೆ ಕೂತು, ‘ಇವರಿಗೆ ನಿನ್ನೆಯಿಂದ ಹೊಕ್ಕುಳ ಸುತ್ತ ಹಿಂಡಿದ ಹಾಗಾಗ್ತಿದೆ ಡಾಕ್ಟ್ರೇ’ ಅನ್ನುತ್ತದೆ. ನೋವಿನ ಯಜಮಾನ ಪಕ್ಕದಲ್ಲಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿರುತ್ತಾನೆ. ಅವನೇ ಹೇಳಲು ಹೊರಟರೆ ನಾಲಿಗೆ ಬೇರೆ ದಾರಿ ಹಿಡಿಯುತ್ತದೆ. ನಮ್ಮ ಪೋಸ್ಟ್‌ಮ್ಯಾನ್ ಸಿದ್ಧಲಿಂಗು ಮೊಣಕಾಲು ಎನ್ನಲು ಹೋದರೆ ಯಾವುದೋ ಹಳೆಯ ಸಿನಿಮಾದ ಕಥೆ ಶುರುವಾಗುತ್ತದೆ. ಹೈಸ್ಕೂಲಿನ ಗಣಿತದ ಮೇಡಂಗೆ ತಲೆನೋವು ಬಂದರೆ ಕಿಟಕಿ ಪರದೆಗಳ ಬಣ್ಣ. ಇದಕ್ಕೆ ನಾವು ಅಡ್ಡಮಾತು ಎನ್ನುತ್ತೇವೆ. ಮಜಾ ಏನೆಂದರೆ, ಆಡುವವರಿಗೆ ತಾವು ಆಡುತ್ತಿರುವುದು ಅಡ್ಡಮಾತೆಂದು ಗೊತ್ತೇ ಆಗುವುದಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿದೆ ಎಂದುಕೊಂಡು ಹಗುರಾಗಿ ಎದ್ದು ಹೋಗುತ್ತಾರೆ. ಎದುರಿಗೆ ಬಾಯಿ ಇದ್ದರೆ ಸರಿ. ಇಲ್ಲದಿದ್ದರೆ ನೋವು ಇದ್ದಲ್ಲೇ ಇರುತ್ತದೆ.

ಬಾಯಿಯಾಗುವುದಕ್ಕೆ ದೊಡ್ಡ ಶಾಸ್ತ್ರವೇನಿಲ್ಲ. ಇಬ್ಬರೂ ಒಂದೇ ಸೂರಿನಡಿ ಇರಬಾರದು, ಅಷ್ಟೇ. ಒಂದೇ ಮನೆಯವರ ಕಿವಿಗೆ ಅಡ್ಡಮಾತು ಬರೀ ಹರಟೆಯಾಗಿ ಕೇಳಿಸುತ್ತದೆ. ಒಬ್ಬರಿಗೊಬ್ಬರು ಕಲ್ಲುಸಕ್ಕರೆ ಕೊಟ್ಟುಕೊಂಡರೆ ನಂಟು ಶುರು. ಬೇಡವಾದ ದಿನ ಕಲ್ಲುಸಕ್ಕರೆ ಹಿಂದಕ್ಕೆ ಕೊಟ್ಟರೆ ಮುಗಿಯಿತು. ಕಷ್ಟ ಇರುವುದು ನಡುವೆ. ಒಬ್ಬರ ಅಡ್ಡಮಾತನ್ನು ಕಲಿಯಲು ವರ್ಷಗಳು ಹಿಡಿಯುತ್ತವೆ. ನನಗೆ ಬಾಯಿಯಾಗಿದ್ದವನು ಭುಜಂಗ, ಭುಜಂಗನಿಗೆ ಬಾಯಿಯಾಗಿದ್ದವಳು ನಾನು, ಅಂಬುಜಾಕ್ಷಿ. ನಾನು ಬಾಯ್ಲರ್ ಕಾರ್ಖಾನೆಯ ಕ್ಯಾಂಟೀನ್ ನಡೆಸುತ್ತೇನೆ. ಭುಜಂಗ ಅದೇ ಕಾರ್ಖಾನೆಯಲ್ಲಿ ಬೆಸುಗೆಗಳ ಫೋಟೋ ತೆಗೆಯುತ್ತಾನೆ.

ಬೆಸುಗೆಯ ಫೋಟೋ ಎಂದರೆ ನಗಬೇಡಿ. ಪೈಪಿಗೆ ಪೈಪು ಬೆಸೆದ ಮೇಲೆ ಒಳಗೆ ಬಿರುಕಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಮೂಳೆ ನೋಡುವ ಹಾಗೆ ಕಿರಣ ಹಾಯಿಸಿ ನೋಡಬೇಕು. ಅದಕ್ಕೊಂದು ಭಾರದ ಪೆಟ್ಟಿಗೆ ಇದೆ, ಕಾರ್ಖಾನೆಯವರೆಲ್ಲ ಅದನ್ನು ಆಮೆ ಅನ್ನುತ್ತಾರೆ. ಅದರ ಹೊಟ್ಟೆಯಲ್ಲಿ ಉದ್ದಿನಕಾಳಿನಷ್ಟು ದೊಡ್ಡದೊಂದು ಲೋಹದ ಬೀಜ. ದೂರದಲ್ಲಿ ನಿಂತು ಹಿಡಿಕೆ ತಿರುಗಿಸಿದರೆ ಆ ಬೀಜ ಕೊಳವೆಯೊಳಗೆ ಓಡಿಹೋಗಿ ಬೆಸುಗೆಯ ಪಕ್ಕ ನಿಲ್ಲುತ್ತದೆ. ಹಿಂದಕ್ಕೆ ತಿರುಗಿಸಿದರೆ ಆಮೆ ಅದನ್ನು ನುಂಗಿಕೊಳ್ಳುತ್ತದೆ. ಬೀಜ ಹೊರಗಿರುವಷ್ಟು ಹೊತ್ತೂ ಸುತ್ತ ಹಗ್ಗ ಕಟ್ಟಿರುತ್ತಾರೆ, ಯಾರೂ ಒಳಗೆ ಕಾಲಿಡುವಂತಿಲ್ಲ. ಆ ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬಿಸಿಯೂ ಇಲ್ಲ. ತಗುಲಿದವನಿಗೆ ಆ ಗಳಿಗೆಯಲ್ಲಿ ಏನೂ ಅನಿಸುವುದಿಲ್ಲ. ನೋವು ನಿಧಾನವಾಗಿ, ತನಗೆ ಬೇಕಾದಷ್ಟು ದಿನ ತೆಗೆದುಕೊಂಡು ಬರುತ್ತದೆ. ಅದನ್ನು ಬೇಗ ಹೇಳಿದರೆ ಕೈ ಉಳಿಯುತ್ತದೆ, ತಡವಾದರೆ ಡಾಕ್ಟರು ಕತ್ತರಿ ಕೈಗೆತ್ತಿಕೊಳ್ಳುತ್ತಾರೆ. ನೋವು ತಾನೇ ಹೇಳಿಕೊಳ್ಳಲಾಗದ ಊರಿನಲ್ಲಿ ಇಂಥ ಕೆಲಸ ಮಾಡುವವನಿಗೆ ಒಳ್ಳೆಯ ಬಾಯಿ ಎಷ್ಟು ಮುಖ್ಯ ಎಂದು ನೀವೇ ಯೋಚಿಸಿ. ನಾನು ಆ ಕೆಲಸವನ್ನು ಬಿಟ್ಟುಬಿಟ್ಟಿದ್ದೆ.

ಬಿಡುವ ಮೊದಲು ನಾನು ಬಲು ಚೆನ್ನಾಗಿ ಮಾಡುತ್ತಿದ್ದೆ, ಜಂಬಕ್ಕೆ ಹೇಳುತ್ತಿಲ್ಲ. ಭುಜಂಗನ ಅಡ್ಡಮಾತು ಬಾಳೆಹಣ್ಣು. ಅವನು ಬಾಳೆಹಣ್ಣು ತಿನ್ನುವುದಿಲ್ಲ, ಬೇರೆ ದಿನ ಅದರ ಮಾತೂ ಎತ್ತುವುದಿಲ್ಲ. ಆದರೆ ತಲೆನೋವು ಬಂತೋ, ಪಚ್ಚಬಾಳೆಯ ಗುಣಗಾನ. ಹಲ್ಲುನೋವಿಗೆ ಪುಟ್ಟಬಾಳೆ, ಜ್ವರಕ್ಕೆ ನೇಂದ್ರ, ಹೊಟ್ಟೆ ಕೆಟ್ಟರೆ ಏಲಕ್ಕಿಬಾಳೆ. ರಸಬಾಳೆ ಒಂದೇ ಒಂದು ಸಲ ಬಂದಿತ್ತು, ಅವನ ತಾಯಿ ತೀರಿಕೊಂಡ ದಿನ. ಅವತ್ತು ಅವನು ರಸಬಾಳೆಯ ಘಮದ ಬಗ್ಗೆ ಸಂಜೆಯವರೆಗೆ ಮಾತಾಡಿದ. ನಾನು ಪಕ್ಕದಲ್ಲಿ ಕೂತಿದ್ದೆನೇ ಹೊರತು ಯಾರಿಗೂ ಏನೂ ಹೇಳಲಿಲ್ಲ. ಯಾಕೆಂದರೆ ಬಾಯಿ ಹೇಳಬೇಕಾದದ್ದು ಮೈನೋವು ಮಾತ್ರ. ಮನಸ್ಸಿನದನ್ನು ಕೇಳಿಸಿಕೊಂಡು ಸುಮ್ಮನಿರುವುದು ಮರ್ಯಾದೆ. ಇದು ಊರಿಗೆಲ್ಲ ಗೊತ್ತು, ಭುಜಂಗನೊಬ್ಬನನ್ನು ಬಿಟ್ಟು.

ನನ್ನ ತಂಗಿಯ ಮಗಳ ನಿಶ್ಚಿತಾರ್ಥ. ಬೀಗರು ಬಂದಿದ್ದಾರೆ, ಪಂಕ್ತಿ ಕೂತಿದೆ, ಹೋಳಿಗೆಗೆ ತುಪ್ಪ ಬೀಳುತ್ತಿದೆ. ನಾನು ಪಕ್ಕದವರ ಹತ್ತಿರ ಏನೋ ಒಂದು ಮಾತಾಡಿದೆ. ಎದುರು ಸಾಲಿನಲ್ಲಿದ್ದ ಭುಜಂಗ ಎಲೆ ಬಿಟ್ಟು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಸೀರೆಗಳ ವಿಷಯ ಸಾರಿದ. ಏನು ಸಾರಿದನೆಂದು ನಾನು ಬರೆಯುವ ಹಾಗಿಲ್ಲ, ನೀವೇ ಊಹಿಸಿಕೊಳ್ಳಿ. ನನ್ನ ತಂಗಿ ಬಂದವರಿಗೆಲ್ಲ ರೇಷ್ಮೆ ಕೊಟ್ಟಿದ್ದಳು, ನನಗೆ ಕೊಟ್ಟದ್ದು ಹತ್ತಿಯದು. ಪಂಕ್ತಿಗೆ ಪಂಕ್ತಿಯೇ ನನ್ನ ಕಡೆ ತಿರುಗಿತು. ತಂಗಿ ಕೈಯಲ್ಲಿದ್ದ ತುಪ್ಪದ ಗಿಂಡಿ ಅಲ್ಲೇ ಇಟ್ಟು ಒಳಗೆ ಹೋದಳು.

ಮರುದಿನ ಬೆಳಿಗ್ಗೆಯೇ ಕಲ್ಲುಸಕ್ಕರೆ ಪೊಟ್ಟಣ ಕಟ್ಟಿಕೊಂಡು ಅವನ ರೂಮಿಗೆ ಹೋದೆ.

‘ತಗೋ ನಿನ್ನ ಸಕ್ಕರೆ.’

‘ಯಾಕಕ್ಕ? ನಾನು ಹೇಳಿದ್ದು ಸುಳ್ಳಾ?’

‘ಸುಳ್ಳೋ ನಿಜವೋ, ನಿನ್ನನ್ನ ಯಾರು ಕೇಳಿದ್ರು? ನಿಂಗೆ ಮೈ ಯಾವುದು ಮನಸ್ಸು ಯಾವುದು ಅಂತ ಗೊತ್ತಾಗಲ್ವಾ?’

‘ನೋಯೋದು ಒಂದೇ ಥರ ಅಲ್ವಾ ಅಕ್ಕ,’ ಅಂದ. ಕೋಪ ನೆತ್ತಿಗೇರಿತು. ಬಾಗಿಲು ಹಾಕಿಕೊಂಡು ಬಂದೆ.

ಆಮೇಲೆ ಮಾತಿಲ್ಲ ಕತೆಯಿಲ್ಲ. ಕ್ಯಾಂಟೀನಿನಲ್ಲಿ ಅವನು ತಟ್ಟೆ ಚಾಚಿದರೆ ನಾನು ಅನ್ನದ ಕಡೆ ನೋಡಿಕೊಂಡು ಬಡಿಸುತ್ತಿದ್ದೆ. ಹೊಸ ಬಾಯಿ ಹುಡುಕಿಕೋ ಎಂದು ಊರವರು ಅವನಿಗೆ ಹೇಳಿದರಂತೆ. ‘ಬಾಯಿ ಅಂದ್ರೆ ಚಪ್ಪಲೀನಾ, ಅಂಗಡಿಗೆ ಹೋಗಿ ಅಳತೆ ನೋಡಿ ತರೋಕೆ?’ ಅಂದನಂತೆ. ನಾನೂ ಹುಡುಕಲಿಲ್ಲ. ಕ್ಯಾಂಟೀನಿನ ಕೆಲಸದಲ್ಲಿ ಪುರುಸೊತ್ತೆಲ್ಲಿದೆ?

ಅದೇ ದಿನಗಳಲ್ಲಿ ಮಂದಾಕಿನಿ ಮೇಡಂ ಊರಿಗೆ ಬಂದರು. ಕಾರ್ಖಾನೆಗೆ ಇನ್ನೂ ದೊಡ್ಡದೊಂದು ಆಮೆ ಬರುವುದಿತ್ತು; ಅದು ಬರುವ ಮೊದಲು, ಏನಾದರೂ ಹೆಚ್ಚುಕಡಿಮೆಯಾದರೆ ಊರು ಏನು ಮಾಡಬೇಕೆಂಬುದಕ್ಕೆ ಒಂದು ಯೋಜನೆ ತಯಾರಿಸುವುದು ಅವರ ಕೆಲಸ. ಉದ್ದ ಜಡೆ, ಗಂಡಸರ ವಾಚು, ಬೆನ್ನಿಗೊಂದು ಚೀಲ. ಪ್ರವಾಸಿ ಬಂಗಲೆಯಲ್ಲಿ ಇಳಿದುಕೊಂಡು ಬೀದಿ ಬೀದಿ ಸುತ್ತಿದರು. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಮುದುಕರು ಯಾವ ಮನೆಯಲ್ಲಿದ್ದಾರೆ, ಬಸುರಿಯರು ಯಾರು, ಯಾವ ಬಾವಿಗೆ ಮುಚ್ಚಳವಿಲ್ಲ, ಎಲ್ಲ ಕೇಳಿದರು. ದೂರ ಸರಿಯಿರಿ, ಬೇಗ ಸರಿಯಿರಿ, ನಡುವೆ ದಪ್ಪ ಗೋಡೆ ಇರಲಿ: ಇಷ್ಟನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿದರು. ಎಂಥ ಪ್ರಶ್ನೆ ಕೇಳಿದರೂ ಬೇಸರಪಡದ ಹೆಂಗಸು. ಊರಿಗೆ ಅವರು ತುಂಬ ಹಿಡಿಸಿದರು.

ಶಾಲೆಯ ಹಜಾರದಲ್ಲಿ ಸಭೆ ಸೇರಿಸಿ ಯೋಜನೆ ಓದಿದರು. ಮೊದಲನೇ ಸಾಲೇ ಹೀಗಿತ್ತು: ವಿಕಿರಣ ತಗುಲಿದವರು ಅಥವಾ ತಗುಲಿರಬಹುದೆಂಬ ಅನುಮಾನ ಇರುವವರು ತಕ್ಷಣ ಖುದ್ದಾಗಿ ತಿಳಿಸಬೇಕು, ತಿಳಿಸಿದವರಿಗೆ ಶಿಕ್ಷೆಯಿಲ್ಲ, ಬೈಗುಳವಿಲ್ಲ. ‘ಭಯ ಬೇಡ, ಮುಚ್ಚಿಡೋದು ಬೇಡ, ನೀವೇ ಬಂದು ಹೇಳಿ,’ ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೊಸದಾಗಿ ಬಂದವರಿಗೆ ಮೊದಲ ದಿನವೇ ಊರಿನ ಕೊರತೆ ಹೇಳುವುದು ಚೆನ್ನಾಗಿರುವುದಿಲ್ಲ ಎಂದು ಸುಮ್ಮನಿದ್ದೆವು. ಎರಡನೇ ದಿನ ಹೇಳೋಣ ಎಂದರೆ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿಬಿಟ್ಟರೆ? ಹಾಗೇ ಮುಂದೆ ಹೋಯಿತು. ಆ ಸಾಲು ಬೋರ್ಡಿನ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ, ಸಿನಿಮಾ ಟಾಕೀಸಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬಂತು. ನಾವು ಅದರ ಕೆಳಗೆ ನಿಂತು ಕಡಲೆಕಾಯಿ ತಿಂದೆವು.

ಇನ್ನು ಆ ದಿನದ ಸಂಗತಿ. ಇದರಲ್ಲಿ ಭುಜಂಗನಿಗೆ ಆದದ್ದನ್ನು ನಾನು ಹೇಳಬಲ್ಲೆ. ಎಲ್ಲ ತಿಳಿದದ್ದು ಆಮೇಲೆ. ಅವತ್ತು ಅವನು ಕೊನೆಯ ಶೆಡ್ಡಿನಲ್ಲಿ ಒಬ್ಬನೇ ಕೆಲಸ ಮಾಡುತ್ತಿದ್ದ. ಹಿಡಿಕೆ ಹಿಂದಕ್ಕೆ ತಿರುಗಿಸಿದ, ಬೀಜ ಆಮೆಯ ಹೊಟ್ಟೆ ಸೇರಿತು ಎಂದುಕೊಂಡ. ಸೇರಿದೆಯೋ ಇಲ್ಲವೋ ಎಂದು ಮೀಟರು ಹಿಡಿದು ಕೊಳವೆಯ ಉದ್ದಕ್ಕೂ ನೋಡುವುದು ಪದ್ಧತಿ. ಆದರೆ ಅಷ್ಟರಲ್ಲಿ ಅವನಿಗೆ ನಾನು ಚಹಾದ ತಟ್ಟೆ ಹಿಡಿದು ಬರುವುದು ಕಂಡಿತು. ಬೇರೆ ದಿನವಾದರೆ ‘ಅಕ್ಕ, ಅಲ್ಲೇ ನಿಲ್ಲಿ, ಇನ್ನೂ ನೋಡಿಲ್ಲ’ ಎಂದು ಕೂಗುತ್ತಿದ್ದ. ಕೂಗಲು ಮಾತು ಬಿಟ್ಟಿದ್ದೆವಲ್ಲ. ಹಗ್ಗ ಬಿಚ್ಚಿ, ಮೀಟರನ್ನು ಮೊಳೆಗೆ ನೇತುಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಂತ. ನಾನು ಕಟ್ಟೆಯ ಮೇಲೆ ಚಹಾ ಇಟ್ಟೆ, ಬಂದೆ. ನಾನು ಹೋದ ಮೇಲೆ ಅವನು ಬರಿಗೈಯಲ್ಲಿ ಕೊಳವೆ ಹಿಡಿದು ಬಿಚ್ಚಲು ಕೂತ. ಬಿಗಿಯಾಗಿತ್ತು, ಸ್ವಲ್ಪ ಹೊತ್ತು ಹಿಡಿಯಿತು. ಹಾಗೇ ಎದ್ದು ಮೊಳೆಯ ಮೇಲಿದ್ದ ಮೀಟರು ತೆಗೆದು ಈ ಕಡೆ ತಿರುಗಿಸಿದರೆ ಮುಳ್ಳು ಆಚೆ ತುದಿಗೆ ಹೋಗಿ ಬಡಿಯಿತು. ಬೀಜ ಕೊಳವೆಯಲ್ಲೇ ಇತ್ತು, ಅವನ ಬೆರಳುಗಳಿದ್ದ ಜಾಗದಲ್ಲಿ. ಓಡಿಹೋಗಿ ಹಿಡಿಕೆಯನ್ನು ಮತ್ತೆ ಮತ್ತೆ ತಿರುಗಿಸಿದ ಮೇಲೆ ಆಮೆ ಅದನ್ನು ನುಂಗಿತು.

ಅವನು ನೆಟ್ಟಗೆ ಫೋರ್‌ಮನ್ ದಾಮೋದರಯ್ಯನವರ ಹತ್ತಿರ ಹೋದ. ಇದನ್ನು ನೀವು ನೆನಪಿಡಬೇಕು, ಭುಜಂಗ ಮುಚ್ಚಿಡಲಿಲ್ಲ. ನಾಲಿಗೆ ತಿರುಗುತ್ತದೆಂದು ತಿಳಿದೂ ಹೋದ, ಈ ಸಲವಾದರೂ ಬರಬಹುದೆಂದು. ಬೀಜ ಸಿಕ್ಕಿಕೊಂಡದ್ದು, ಆಮೆ ಕೆಟ್ಟದ್ದು, ತನ್ನ ಕೈ, ಎಲ್ಲ ಒಂದೂ ಬಿಡದೆ ಹೇಳಿದೆ ಎಂದುಕೊಂಡ. ದಾಮೋದರಯ್ಯ ಕೇಳಿಸಿಕೊಂಡು, ‘ನೋಡೋಣಪ್ಪ, ಮ್ಯಾನೇಜ್ಮೆಂಟ್ ಹತ್ರ ಮಾತಾಡ್ತೀನಿ’ ಎಂದರು. ಅನುಮಾನ ಬಂದು ಭುಜಂಗ ಒಂದು ಕಾಗದದಲ್ಲಿ ಬರೆದೂ ಕೊಟ್ಟ. ಕೈಯೂ ನಾಲಿಗೆಯ ಹಾದಿಯನ್ನೇ ಹಿಡಿಯುತ್ತದೆ. ಮರುದಿನ ದಾಮೋದರಯ್ಯ ಕ್ಯಾಂಟೀನಿಗೆ ಬಂದರು.

‘ಅಂಬುಜಮ್ಮ, ಊಟದ ಜೊತೆ ಬಾಳೆಹಣ್ಣು ಇಡಿ ಇನ್ಮೇಲೆ.’

‘ಯಾರು ಕೇಳಿದ್ದು?’

‘ಕೆಲಸಗಾರರ ಬೇಡಿಕೆ ಕಣಮ್ಮ. ಲಿಖಿತವಾಗಿ ಬಂದಿದೆ.’

‘ನಾಳೆ ಮಾವಿನಹಣ್ಣು ಕೇಳ್ತಾರೆ, ನಾಳಿದ್ದು ದ್ರಾಕ್ಷಿ. ನಾನೇನು ತೋಟ ಇಟ್ಟಿದೀನಾ?’ ಎಂದು ಗೊಣಗಿಕೊಂಡೇ ತರಿಸಿದೆ. ಭುಜಂಗ ತಟ್ಟೆಯ ಪಕ್ಕದ ಬಾಳೆಹಣ್ಣನ್ನು ನೋಡುತ್ತಾ ಕೂತಿರುತ್ತಿದ್ದ. ಇಷ್ಟು ದೊಡ್ಡ ಸಂಗತಿ ಹೇಳಿದ ಮೇಲೂ ಆಮೆಯನ್ನು ಯಾರೂ ನಿಲ್ಲಿಸಲಿಲ್ಲವಲ್ಲ, ಬದಲಿಗೆ ಹಣ್ಣು ಕೊಡುತ್ತಿದ್ದಾರಲ್ಲ ಎಂದು ಅವನಿಗೆ ದಾಮೋದರಯ್ಯನವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತಂತೆ. ಅಷ್ಟರಲ್ಲಿ ಬೆರಳು ಕೆಂಪಾಗಲು ಶುರುವಾಯಿತು. ಅವನು ಬಟ್ಟೆಯ ಕೈಗವಸು ಹಾಕಿಕೊಂಡ. ಬೆಸುಗೆಯ ಶೆಡ್ಡಿನಲ್ಲಿ ಅಂಥ ಕೈಗವಸು ಎಲ್ಲರೂ ಹಾಕುತ್ತಾರೆ. ಬಿಸಿ ಪೈಪು ಮುಟ್ಟಿರಬೇಕು ಎಂದುಕೊಂಡರು.

ಆ ಭಾನುವಾರ ಅಣಕು ಕಾರ್ಯಾಚರಣೆ. ನಿಜವಾಗಿ ಅನಾಹುತವಾದರೆ ಹೇಗೆ ನಡೆದುಕೊಳ್ಳಬೇಕೋ ಹಾಗೆ ಇಡೀ ಊರು ಒಂದು ಸಲ ನಡೆದು ತೋರಿಸಬೇಕು. ನಮ್ಮ ಜನ ಅದನ್ನು ನಾಟಕ ಎಂದೇ ಕರೆದರು. ಶಾಲೆಯ ಮೈದಾನದಲ್ಲಿ ಶಾಮಿಯಾನ, ಮೈಕು, ನೀರಿನ ಡ್ರಮ್ಮುಗಳು. ಟಾಕೀಸಿನ ನೆತ್ತಿಯ ಮೇಲೆ ಸೈರನ್. ಉಪ್ಪಿಟ್ಟು ನನ್ನ ಲೆಕ್ಕಕ್ಕೆ. ಮಂದಾಕಿನಿ ಮೇಡಂ ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟರು, ಯಾರಿಗೆ ಏನಾಗಿದೆ ಎಂದು. ಅವರವರ ಸರದಿ ಬಂದಾಗ ಮೈಕಿನ ಮುಂದೆ ಬಂದು ತಮಗಾದದ್ದನ್ನು ಹೇಳಬೇಕು. ಸೈರನ್ ಕೂಗಿತು. ಕಿಟಕಿಗಳು ಮುಚ್ಚಿದವು, ಬಾವಿಗಳಿಗೆ ತಗಡು ಬಿತ್ತು, ಗಾಳಿಗೆ ಅಡ್ಡಲಾಗಿ ಜನ ನಡೆದರು. ಒಬ್ಬರೂ ಓಡಲಿಲ್ಲ. ಮೇಡಂ ಮುಖ ಅರಳಿತು.

ಆಮೇಲೆ ಮೈಕು. ಮೊದಲು ಸಿದ್ಧಲಿಂಗು ಬಂದು ಚೀಟಿ ನೋಡಿ, ‘ನನಗೆ ವಾಂತಿ ಬರ್ತಿದೆ!’ ಎಂದ. ಎಂದು ಅಲ್ಲೇ ನಿಂತುಬಿಟ್ಟ. ಅವನ ನಾಲಿಗೆ ತಿರುಗಿರಲಿಲ್ಲ. ತಿರುಗುವುದು ಹೇಗೆ, ವಾಂತಿ ಸುಳ್ಳಲ್ಲವೇ? ಆದರೆ ಜೀವಮಾನದಲ್ಲಿ ಮೊದಲ ಸಲ ಆ ಮಾತು ಅವನ ಸ್ವಂತ ಬಾಯಿಂದ ಬಂದಿತ್ತು. ‘ನನಗೆ ವಾಂತಿ! ನನಗೆ!’ ಎಂದು ಕುಣಿದಾಡುತ್ತಾ ಇಳಿದ. ಗಣಿತದ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ನನ್ನ ತಲೆ ಸಿಡೀತಿದೆ, ನನ್ನ ಕಣ್ಣು ಉರೀತಿದೆ, ನನ್ನ ಚರ್ಮ ನೋಡಿ!’ ಎಂದು ಚೀಟಿಯಲ್ಲಿ ಇಲ್ಲದ್ದನ್ನೆಲ್ಲ ಸೇರಿಸಿದರು. ಜನರಿಗೆ ಅದರ ರುಚಿ ಹತ್ತಿತು. ಚೀಟಿ ಸಿಗದವರೂ ಸಾಲಿನಲ್ಲಿ ನಿಂತರು. ಮುದುಕಿಯೊಬ್ಬಳು ‘ನನಗೆ ಎಲ್ಲಾ ಕಡೆ ನೋವು’ ಎಂದು ಹೇಳಿ ಕಣ್ಣ ತುಂಬ ನಕ್ಕಳು. ಮೈದಾನವೆಲ್ಲ ನನಗೆ ನನಗೆ ನನಗೆ. ಮಂದಾಕಿನಿ ಮೇಡಂ ಪಕ್ಕದಲ್ಲಿದ್ದ ದಾಮೋದರಯ್ಯನವರಿಗೆ, ‘ಎಷ್ಟು ಊರು ನೋಡಿದ್ದೀನಿ, ಇಷ್ಟು ಮನಬಿಚ್ಚಿ ಹೇಳ್ಕೊಳ್ಳೋ ಜನಾನ ಎಲ್ಲೂ ನೋಡ್ಲಿಲ್ಲ’ ಎಂದರು. ದಾಮೋದರಯ್ಯ ಹೌದು ಹೌದು ಎಂದು ತಲೆಯಾಡಿಸಿದರು.

ಮುಖ್ಯ ಪಾತ್ರ ಭುಜಂಗನದು. ಆ ಕೆಲಸ ಗೊತ್ತಿದ್ದವನೇ ಮಾಡಿದರೆ ಚೆಂದ ಎಂದು ಮೇಡಂ ಅವನಿಗೇ ಕೊಟ್ಟಿದ್ದರು. ಅವನು ಹೇಳಬೇಕಾದದ್ದು ಇಷ್ಟು: ಬೀಜ ಕೊಳವೆಯಲ್ಲಿ ಸಿಕ್ಕಿಕೊಂಡಿತ್ತು, ನಾನು ಗೊತ್ತಿಲ್ಲದೆ ಹಿಡಿದುಕೊಂಡೆ, ನನ್ನ ಕೈಗೆ ವಿಕಿರಣ ತಗುಲಿದೆ. ನಾನು ಉಪ್ಪಿಟ್ಟಿನ ಹಂಡೆಯ ಪಕ್ಕ ಸಟ್ಟುಗ ಹಿಡಿದು ನಿಂತಿದ್ದೆ. ಅವನ ಕಡೆ ನೋಡಬಾರದೆಂದು ಹಂಡೆಯ ಕಡೆ ನೋಡುತ್ತಿದ್ದೆ. ಭುಜಂಗ ಗಂಟಲು ಸರಿಮಾಡಿಕೊಂಡ.

‘ಚಂದ್ರಬಾಳೆ ಅಂತ ಒಂದು ಹಣ್ಣಿದೆ,’ ಎಂದ. ‘ಸಿಪ್ಪೆ ಕೆಂಪು. ತೊಟ್ಟಿನ ಹತ್ರ ಇನ್ನೂ ಕೆಂಪು. ಮೊದಲು ಏನೂ ಗೊತ್ತಾಗಲ್ಲ, ಹಾಗೇ ಇಟ್ರೆ ಸಿಪ್ಪೆ ತಾನಾಗೇ ಬಿಟ್ಕೊಳ್ಳತ್ತೆ…’

ಮೈದಾನ ಗೊಳ್ಳೆಂದಿತು. ‘ಲೋ ಭುಜಂಗ, ಡೈಲಾಗ್ ಮರೆತ್ಯೇನೋ!’ ‘ಹಣ್ಣಿನ ಅಂಗಡಿ ಇಡೋ!’ ಹಿಂದೆ ಯುವಕ ಸಂಘದ ನಾಟಕದಲ್ಲೂ ಅವನು ರಾಜನ ಮಾತು ಮರೆತು ಏನೇನೋ ಆಡಿ ನಗಿಸಿದವನು. ಇದೂ ಅದೇ ಚೇಷ್ಟೆ ಎಂದುಕೊಂಡರು. ದಾಮೋದರಯ್ಯ ಕುರ್ಚಿಯಿಂದಲೇ ಕೂಗಿದರು: ‘ಇವನಿಗೆ ಬಾಳೆಹಣ್ಣಿನ ಹುಚ್ಚು! ಬರೆದು ಕೊಟ್ಟಿದ್ದ, ಕ್ಯಾಂಟೀನಲ್ಲಿ ಕೊಡಿಸ್ತಾ ಇದೀನಲ್ಲಪ್ಪ, ಇನ್ನೇನು ಬೇಕು ನಿಂಗೆ?’

ನನ್ನ ಕೈಯಿಂದ ಸಟ್ಟುಗ ಜಾರಿತು. ಪಚ್ಚಬಾಳೆ ಗೊತ್ತು, ಪುಟ್ಟಬಾಳೆ ಗೊತ್ತು. ಚಂದ್ರಬಾಳೆಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅವನ ಮೈಗೆ ಹಿಂದೆಂದೂ ಬರದ ಯಾವುದೋ ನೋವು ಬಂದಿದೆ. ಸುಳ್ಳು ನೋವಾಗಿದ್ದರೆ ಎಲ್ಲರಂತೆ ಸಲೀಸಾಗಿ ಹೇಳಿ ಇಳಿಯುತ್ತಿದ್ದ. ಚೀಟಿಯಲ್ಲಿ ಇದ್ದದ್ದೇ ಅವನಿಗೆ ಆಗಿದೆ.

‘ಆದ್ರೆ ರಸಬಾಳೆ,’ ಎಂದ ಭುಜಂಗ, ದನಿ ತಗ್ಗಿಸಿ. ‘ರಸಬಾಳೆ ಘಮ ಇದೆಯಲ್ಲ, ಅದು ಈಗೀಗ ಎಲ್ಲೂ ಸಿಗಲ್ಲ. ಬಾಗಿಲು ಹಾಕ್ಕೊಂಡ ಮೇಲೂ ಸ್ವಲ್ಪ ದಿನ ಇರತ್ತೆ ಅದು.’

ನಾನು ಯಾವಾಗ ನಡೆದೆನೋ ಗೊತ್ತಿಲ್ಲ, ಮೈಕು ನನ್ನ ಕೈಯಲ್ಲಿತ್ತು. ‘ಭುಜಂಗನಿಗೆ ವಿಕಿರಣ ತಗುಲಿದೆ,’ ಎಂದೆ. ‘ಬೀಜ ಕೊಳವೆಯಲ್ಲಿ ಸಿಕ್ಕಿಕೊಂಡಿತ್ತು. ಬರಿಗೈಯಲ್ಲಿ ಹಿಡ್ಕೊಂಡಿದಾನೆ. ಬೆರಳು ಸುಟ್ಟಿದೆ.’

ಮಂದಾಕಿನಿ ಮೇಡಂ ಚಪ್ಪಾಳೆ ತಟ್ಟಿದರು. ‘ಬಹಳ ಚೆನ್ನಾಗಿದೆ! ಗಾಬರಿಯಾದವನ ಪರವಾಗಿ ಜೊತೆಯವರು ಹೇಳೋದು. ಇದನ್ನೂ ಸೇರಿಸ್ಕೊಳ್ಳೋಣ.’

‘ನಾಟಕ ಅಲ್ಲ ಮೇಡಂ,’ ಎಂದು ಅವನ ಕೈಗವಸು ಕಿತ್ತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೂ ಊದಿ, ಕೆಂಪಾಗಿ, ಅಲ್ಲಲ್ಲಿ ಬೊಬ್ಬೆ ಎದ್ದು ಹೊಳೆಯುತ್ತಿದ್ದವು. ಮುಂದಿನ ಸಾಲಿನವರ ನಗು ನಿಂತಿತು, ಹಿಂದಿನ ಸಾಲಿನವರದು ಸ್ವಲ್ಪ ತಡವಾಗಿ. ‘ಇನ್ನೊಂದಿದೆ,’ ಎಂದೆ ನಾನು. ಹೇಳಬೇಕೋ ಬೇಡವೋ ಎಂದು ಯೋಚಿಸಲಿಲ್ಲ. ‘ನಾನು ಸಕ್ಕರೆ ವಾಪಸ್ ಕೊಟ್ಟದ್ದಕ್ಕೆ ಇವನಿಗೆ ತಾಯಿ ಸತ್ತಷ್ಟು ನೋವಾಗಿದೆ. ಅದನ್ನೂ ಬರ್ಕೊಳ್ಳಿ.’

ಊರಿಗೆ ಊರೇ ಬೆಚ್ಚಿತು. ಬೊಬ್ಬೆಗಿಂತ ಹೆಚ್ಚಾಗಿ ಇದಕ್ಕೇ ಬೆಚ್ಚಿತೇನೋ. ಭುಜಂಗ ತಲೆ ತಗ್ಗಿಸಿದ. ಮಂದಾಕಿನಿ ಮೇಡಂಗೆ ಎರಡನೆಯದು ಅರ್ಥವಾಗಲಿಲ್ಲ, ಮೊದಲನೆಯದು ಅರ್ಥವಾಗಲು ಗಳಿಗೆಯೂ ಬೇಕಾಗಲಿಲ್ಲ. ‘ಆ ಪೆಟ್ಟಿಗೆ ಈಗ ಎಲ್ಲಿದೆ?’ ಎಂದರು. ದಾಮೋದರಯ್ಯ ಬಿಳಿಚಿಕೊಂಡಿದ್ದರು, ಭಾನುವಾರದ ಪಾಳಿಯಲ್ಲಿ ಇಬ್ಬರು ಹುಡುಗರು ಅದೇ ಆಮೆಯಲ್ಲಿ ಕೆಲಸ ಮಾಡುತ್ತಿದ್ದರು. ಮೇಡಂ ಫೋನು ಕಿವಿಗೆ ಹಿಡಿದುಕೊಂಡೇ ಜೀಪಿನ ಕಡೆ ಹೆಜ್ಜೆ ಹಾಕಿದರು. ‘ಯಾರೂ ಮುಟ್ಬೇಡಿ, ಶೆಡ್ ಬಿಟ್ಟು ಹೊರಗೆ ಬನ್ನಿ, ಹಗ್ಗ ಕಟ್ಟಿ.’ ಜೀಪಿನ ಬಾಗಿಲಲ್ಲಿ ತಿರುಗಿ ನಿಂತು ಕೇಳಿದರು: ‘ಅವತ್ತು ಅಲ್ಲಿಗೆ ಬೇರೆ ಯಾರಾದ್ರೂ ಬಂದಿದ್ರಾ?’

ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಹೇಳಿದೆ. ಚಹಾ ತೆಗೆದುಕೊಂಡು ಹೋದದ್ದರಿಂದ ಹಿಡಿದು, ಒಂದೂ ಬಿಡದೆ, ಎಲ್ಲ ವಿವರವಾಗಿ ಹೇಳಿದೆ. ಯಾಕೋ ಮೈದಾನ ತಣ್ಣಗಾಯಿತು. ಮುಂದಿನ ಕೆಲವು ಸಾಲು ಭುಜಂಗ ಬರೆದದ್ದು. ತಾನೇ ಬರೆಯಬೇಕೆಂದು ಪೆನ್ನು ಕಿತ್ತುಕೊಂಡ.

ಅಕ್ಕ ಮೈಕಿನಲ್ಲಿ ಆನೆಯ ವಿಷಯ ಹೇಳಲು ಶುರು ಮಾಡಿದರು. ಅಕ್ಕನ ಅಡ್ಡಮಾತು ಆನೆ. ದಂತ ಎಂದರೆ ಹಲ್ಲುನೋವು, ಬೆನ್ನ ಮೇಲೆ ಅಂಬಾರಿ ಎಂದರೆ ಸೊಂಟನೋವು. ನಿಶ್ಚಿತಾರ್ಥದ ದಿನ ಆನೆ ಗುಂಪು ಬಿಟ್ಟು ಒಂಟಿಯಾಗಿ ಹೋಗಿತ್ತು, ಅದಕ್ಕೇ ನಾನು ಎದ್ದು ನಿಂತದ್ದು. ಈ ಸಲ ಆನೆಯ ಪಾದ, ಉಗುರು. ಹಿಂದೆ ಒಮ್ಮೆ ಕೈ ಸುಟ್ಟುಕೊಂಡಾಗಲೂ ಪಾದವೇ ಬಂದಿತ್ತು. ಆಗ ನನಗೆ ಹೊಳೆಯಿತು. ಕೊಳವೆಯನ್ನು ನಾನು ಕಟ್ಟೆಯ ಮೇಲೆ ಬಿಟ್ಟಿದ್ದೆ, ಚಹಾ ಕುಡಿಯಲು ತಿರುಗಿದಾಗ ಅದು ಪಕ್ಕಕ್ಕೆ ಸರಿದಿತ್ತು. ತಟ್ಟೆ ಇಡಲು ಜಾಗ ಬೇಕೆಂದು ಅಕ್ಕ ಅದನ್ನು ಎತ್ತಿ ಸರಿಸಿದ್ದಾರೆ. ಅವರಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ, ನಾಲಿಗೆಗೆ ಮೊದಲೇ ಗೊತ್ತಾಗಿತ್ತು. ನಾನು ಅವರ ಬಾಯಿ ಅಲ್ಲ, ಸಕ್ಕರೆ ವಾಪಸಾಗಿತ್ತು. ಆದರೂ ಹೇಳಿದೆ: ‘ಮೇಡಂ, ಅಂಬುಜಕ್ಕನೂ ಮುಟ್ಟಿದಾರೆ. ಇವರನ್ನೂ ಕರ್ಕೊಂಡು ಹೋಗಿ.’

ಅವನು ಬರೆದದ್ದನ್ನು ಓದಿದೆ. ಆನೆಯಂತೆ ಆನೆ! ನಾನು ಆನೆಯನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ಇರಲಿ, ಬರೆದದ್ದು ಬರೆದಾಯಿತು, ಅಳಿಸುವುದಿಲ್ಲ.

ಆಮೆಯ ಹೊಟ್ಟೆ ಬಿಚ್ಚಿ ನೋಡಿದಾಗ ತಂತಿಯ ಕೊಂಡಿ ಸವೆದಿತ್ತು. ಭಾನುವಾರದ ಹುಡುಗರಿಬ್ಬರೂ ಮೀಟರು ನೋಡಿಕೊಂಡು ಕೆಲಸ ಮಾಡುವವರಾದ್ದರಿಂದ ಅವರಿಗೇನೂ ಆಗಿರಲಿಲ್ಲ. ಸೋಮವಾರದ ಪಾಳಿಯವರೂ ಅದೇ ಆಮೆಯಲ್ಲಿ ಕೆಲಸಕ್ಕಿಳಿದಿದ್ದರೆ ಏನಾಗುತ್ತಿತ್ತೋ ಎಂದು ಮಂದಾಕಿನಿ ಮೇಡಂ ಒಂದೇ ಸಲ ಹೇಳಿದರು, ಮತ್ತೆ ಆ ಮಾತು ಎತ್ತಲಿಲ್ಲ. ನಮ್ಮಿಬ್ಬರನ್ನೂ ಒಂದೇ ಜೀಪಿನಲ್ಲಿ ಪಟ್ಟಣದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ಪಾಪ, ಭುಜಂಗನನ್ನು ‘ಉರಿ ಹೇಗಿದೆ?’ ಎಂದು ಕೇಳಿದರೆ ಪಕ್ಕದ ಮಂಚದಿಂದ ನಾನು ಉತ್ತರ ಕೊಡುತ್ತಿದ್ದೆ. ನನ್ನನ್ನು ಕೇಳಿದರೆ ಅವನು.

‘ಅವರನ್ನೇ ಮಾತಾಡೋಕೆ ಬಿಡ್ರೀ,’ ಎಂದು ನರ್ಸು ಗದರಿದಳು.

‘ಬಿಟ್ರೆ ನೀವು ಹಣ್ಣು ತರ್ಬೇಕಾಗತ್ತೆ ಸಿಸ್ಟರ್,’ ಎಂದೆ.

ಭುಜಂಗನ ಚರ್ಮ ಸುಲಿಯಿತು, ಹೊಸದು ಬಂತು. ನಡುಬೆರಳಿನ ಗಾಯ ತುಂಬ ಸತಾಯಿಸಿತು. ಡಾಕ್ಟರು ಒಂದು ದಿನ ಕತ್ತರಿಯ ಮಾತನ್ನೂ ಆಡಿದರು, ಆಮೇಲೆ ಬೇಡ ಎಂದರು. ಇನ್ನೊಂದು ವಾರ ಸುಮ್ಮನಿದ್ದಿದ್ದರೆ ಬೆರಳುಗಳನ್ನು ಉಳಿಸಲಾಗುತ್ತಿರಲಿಲ್ಲವಂತೆ. ಈಗ ಆ ಬೆರಳಿನ ತುದಿಗೆ ಚಳಿಗಾಲದಲ್ಲಿ ಜೋಮು ಹಿಡಿಯುತ್ತದೆ. ಅದು ಯಾವ ಬಾಳೆಹಣ್ಣು ಎಂದು ನನಗೆ ಗೊತ್ತು, ನಿಮಗೆ ಹೇಳುವುದಿಲ್ಲ. ಆಸ್ಪತ್ರೆಯಿಂದ ಬರುವಾಗ ದಾರಿಯಲ್ಲೇ ಕಲ್ಲುಸಕ್ಕರೆ ಕೊಂಡೆವು, ಅರ್ಧ ಜೀಪಿನಲ್ಲೇ ಖಾಲಿಯಾಯಿತು. ತಂಗಿಯೂ ನೋಡಲು ಬಂದಿದ್ದಳು, ಒಂದು ಕವರು ಹಿಡಿದುಕೊಂಡು. ಅದರಲ್ಲಿ ಏನಿತ್ತೆಂದು ಭುಜಂಗನೇ ಊರಿಗೆಲ್ಲ ಹೇಳಿದ್ದಾನೆ.

ಮಂದಾಕಿನಿ ಮೇಡಂ ಯೋಜನೆಯ ಮೊದಲ ಸಾಲು ತಿದ್ದಿದರು. ವಿಕಿರಣ ತಗುಲಿದವರ ಬಾಯಿ ತಕ್ಷಣ ಬಂದು ತಿಳಿಸಬೇಕು, ಬಾಯಿ ಇಲ್ಲದವರನ್ನು ಹಗ್ಗದ ಒಳಗೆ ಬಿಡಬಾರದು ಎಂದಾಯಿತು. ಮೇಲಿನವರು ಇದನ್ನು ಓದಿ ಏನೆಂದುಕೊಂಡರೋ, ಒಪ್ಪಿದರು. ಮೇಡಂ ಕೆಲಸ ಮುಗಿದರೂ ಇನ್ನೂ ಇಲ್ಲೇ ಇದ್ದಾರೆ, ಪಕ್ಕದ ತಾಲೂಕಿನದೂ ಇಲ್ಲಿಂದಲೇ ನೋಡಿಕೊಳ್ಳುತ್ತಾರೆ. ಮೊನ್ನೆ ಕ್ಯಾಂಟೀನಿಗೆ ಬಂದವರು ಚಹಾ ಮುಟ್ಟದೆ, ಗಾಳಿಪಟಕ್ಕೆ ಬಾಲ ಎಷ್ಟು ಉದ್ದ ಇರಬೇಕೆಂದು ತುಂಬ ಹೊತ್ತು ಹೇಳಿದರು. ನಾನೂ ದಾಮೋದರಯ್ಯನವರೂ ಮುಖ ಮುಖ ನೋಡಿಕೊಂಡೆವು. ಯಾರಾದರೂ ಅವರಿಗೆ ಬೇಗ ಸಕ್ಕರೆ ಕೊಡಬೇಕು.

ಇನ್ನು ಉಳಿದದ್ದು ನನ್ನ ಸಂಗತಿ. ಭುಜಂಗ ತಾನೇ ಬರೆಯುತ್ತೇನೆಂದು ಹಟ ಹಿಡಿದ, ಬೇಡ ಎಂದೆ. ಅವನು ಒಂದಕ್ಕೆ ಎರಡು ಸೇರಿಸುತ್ತಾನೆ. ಇದನ್ನು ತಿಳಿದುಕೊಳ್ಳಬೇಕಾದವರು ಬೇರೆ ಊರುಗಳಲ್ಲೂ ಇರುತ್ತಾರೆ, ಹಾಗಾಗಿ ನನಗೆ ಆದದ್ದನ್ನು ಸುತ್ತುಬಳಸದೆ, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಆನೆಯನ್ನು ನೀರಿಗಿಳಿಸುವ ಮೊದಲು ಅದರ ಪಾದ ನೋಡಬೇಕು. ಉಗುರಿನ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಅದು ತೋರಿಸಿಕೊಳ್ಳುವುದಿಲ್ಲ, ಸುಮ್ಮನೆ ಒಂದು ಕಾಲು ಹಗುರವಾಗಿ ಇಡುತ್ತದೆ. ಆಗ ಎದುರಿಗೆ ಹೋಗಬಾರದು, ಪಕ್ಕದಲ್ಲಿ ನಿಂತು ಕಿವಿಯ ಹಿಂದೆ ತಣ್ಣೀರು ಹಾಕುತ್ತಾ ಏನಾದರೂ ಮಾತಾಡುತ್ತಿರಬೇಕು. ತೆಂಗಿನ ನಾರಿನಿಂದ ಉಗುರೊಂದೊಂದನ್ನೇ ಮೆಲ್ಲಗೆ ಉಜ್ಜಬೇಕು, ಹೆಬ್ಬೆರಳಿನದನ್ನು ಕೊನೆಗೆ. ನೋವಾದರೆ ಅದು ಸೊಂಡಿಲು ತಂದು ನಿಮ್ಮ ಹೆಗಲ ಮೇಲಿಡುತ್ತದೆ, ತುಂಬ ಭಾರವಿರುತ್ತದೆ, ಕೊಡವಿಕೊಳ್ಳಬಾರದು. ಇಷ್ಟೇ ನನಗೆ ಆದದ್ದು. ಮುಚ್ಚಿಟ್ಟದ್ದು ಏನೂ ಇಲ್ಲ.